ಸೈದ್ಧಾಂತಿಕ ವಿಷಯಗಳಲ್ಲಿ ಪೋಸ್ಟ್‌ಡಾಕ್ ಹುದ್ದೆ ಹುಡುಕುವ ಬಗೆ

ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿಯಲ್ಲಿ ಗಣಿತದಲ್ಲೋ ಸೈದ್ಧಾಂತಿಕ ಭೌತವಿಜ್ಞಾನದಲ್ಲೋ ಪಿಎಚ್‌.ಡಿ. ಮುಗಿಸುವ ಹಂತದಲ್ಲಿರುವವರು ಪೋಸ್ಟ್‌ಡಾಕ್, ಅಂದರೆ ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ, ಹುಡುಕಲು ಮೌಖಿಕ ಪರೀಕ್ಷೆ ಮುಗಿಯಲೆಂದು ಕಾಯಬಾರದು. ವಿದೇಶದ ಸೈದ್ಧಾಂತಿಕ ಗುಂಪುಗಳು ಮುಂದಿನ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಸೇರಬೇಕಾದವರ ಅರ್ಜಿಗಳನ್ನು ಹೆಚ್ಚಾಗಿ ಈ ವರ್ಷದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೇ ಪಡೆಯುತ್ತವೆ. ಆದ್ದರಿಂದ ಮಹಾಪ್ರಬಂಧದ ಕೊನೆಯ ಅಧ್ಯಾಯ ಬರೆಯುತ್ತಿರುವಾಗಲೇ ಅರ್ಜಿಯ ಕೆಲಸವೂ ನಡೆಯುತ್ತಿರಬೇಕಾಗುತ್ತದೆ.

ಜಾಹೀರಾತು ಸಿಗುವ ಜಾಲತಾಣಗಳು ಹೆಚ್ಚೇನಿಲ್ಲ. ಗಣಿತದವರಿಗೆ ಮ್ಯಾಥ್‌ಜಾಬ್ಸ್, ಕಣಭೌತದವರಿಗೆ ಇನ್‌ಸ್ಪೈರ್, ಇಬ್ಬರಿಗೂ ಅಕಾಡೆಮಿಕ್ ಜಾಬ್ಸ್ ಆನ್‌ಲೈನ್ ಸಾಕು. ನಮ್ಮ ದೇಶದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ, ಪ್ರಯಾಗ್‌ರಾಜ್‌ನ ಹರೀಶ್‌ಚಂದ್ರ ಸಂಸ್ಥೆಗಳ ಪ್ರಕಟಣೆಗಳನ್ನು ನೋಡುತ್ತಿರಬೇಕು. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆಯಾದರೂ, ಗಣಿತ ವಿಭಾಗವೂ ಉನ್ನತ ಶಕ್ತಿ ಭೌತವಿಜ್ಞಾನ ಕೇಂದ್ರವೂ ಇರುವುದು ಬೆಂಗಳೂರಿನಲ್ಲೇ.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು ಶಿಫಾರಸು ಪತ್ರ. ಪ್ರಯೋಗ ಮಾಡುವವರಿಗೆ ಯಾವ ಉಪಕರಣ ನಡೆಸಬಲ್ಲರು ಎಂಬುದೇ ಒಂದು ಅರ್ಹತೆಯಾಗುತ್ತದೆ. ಕಾಗದ ಮತ್ತು ಪೆನ್ನಿನ ಕೆಲಸ ಮಾಡಿದವರ ಬಗ್ಗೆ ಆ ವಿಷಯ ಬಲ್ಲವರೇ ನಾಲ್ಕು ಮಾತು ಹೇಳಬೇಕು. ಸಾಮಾನ್ಯವಾಗಿ ಮೂರು ಪತ್ರಗಳನ್ನು ಕೇಳುತ್ತಾರೆ. ಮೂರನ್ನೂ ಗೈಡ್ ಮತ್ತು ಅದೇ ವಿಭಾಗದ ಅಧ್ಯಾಪಕರಿಂದಲೇ ಬರೆಸುವುದು ನಮ್ಮ ಕಡೆಯ ರೂಢಿ, ಆದರೆ ಅದರಿಂದ ಅರ್ಜಿ ಸೊರಗುತ್ತದೆ. ಒಂದಾದರೂ ಹೊರಗಿನವರದಾಗಿರಲಿ. ಅದಕ್ಕಾಗಿ ಎರಡು ವರ್ಷ ಮೊದಲೇ ಬೆಂಗಳೂರಿನ ಹೆಸರಘಟ್ಟದ ಬಳಿ ಇರುವ ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ ಐಸಿಟಿಎಸ್‌ನಂಥ ಕಡೆ ನಡೆಯುವ ಕಾರ್ಯಾಗಾರಗಳಿಗೆ ಅರ್ಜಿ ಹಾಕಿ, ಅಲ್ಲಿ ಸಾಧ್ಯವಾದರೆ ಕಿರು ಉಪನ್ಯಾಸ ಕೊಟ್ಟು, ಪರಿಚಯವಾದವರಿಗೆ ನಿಮ್ಮ ಮುಂದಿನ ಲೇಖನವನ್ನು ಕಳುಹಿಸುತ್ತಿರಬೇಕು. ಲೇಖನಗಳನ್ನು, ಅಚ್ಚಿಗೆ ಮುನ್ನವೇ ಯಾರಾದರೂ ಓದಬಹುದಾದ ಜಾಲತಾಣವಾದ ಆರ್ಕೈವ್‌ನಲ್ಲಿ ಹಾಕದೆ ದುಡ್ಡು ಪಡೆದು ಅಚ್ಚು ಹಾಕುವ ಪತ್ರಿಕೆಗಳಿಗೆ ಕೊಟ್ಟವರನ್ನು ಈ ವಲಯದಲ್ಲಿ ಯಾರೂ ಓದಿರುವುದಿಲ್ಲ. ಕಟುವಾದರೂ ಹೇಳಲೇಬೇಕಾದ ಮಾತಿದು.

ಜಾಹೀರಾತಿಲ್ಲದೆಯೂ ದಾರಿಯಿದೆ. ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ 2 ವರ್ಷದ್ದು. ವಯೋಮಿತಿ 35, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಸಡಿಲಿಕೆಯುಂಟು. ಗಣಿತದವರಿಗೆ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ಫೆಲೋಶಿಪ್ ಕೂಡ ಇದೆ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಪಿಎಚ್‌.ಡಿ. ಪಡೆದು 8 ವರ್ಷ ಮೀರಿರಬಾರದು. ಇಂಥವಕ್ಕೆ ಮಾರ್ಗದರ್ಶಕರೊಬ್ಬರು ಮೊದಲೇ ಒಪ್ಪಿರಬೇಕಾದ್ದರಿಂದ, ಅವರ ಯಾವ ಲೇಖನದ ಯಾವ ಪ್ರಶ್ನೆ ನಿಮ್ಮ ಕೆಲಸಕ್ಕೆ ತಾಗುತ್ತದೆ ಎಂದು ಹತ್ತು ಸಾಲಿನಲ್ಲಿ ಬರೆದು ಕೇಳಿರಿ. ಐವತ್ತು ಜನರಿಗೆ ಒಂದೇ ಮೇಲ್ ಕಳುಹಿಸಿದರೆ ಐವತ್ತು ಕಡೆಯೂ ಅದು ಕಸವೇ.

ಆಯ್ಕೆಯಾದ ಮೇಲೆ ಘಟಿಕೋತ್ಸವದವರೆಗೆ ಕಾಯುವ ವ್ಯವಧಾನ ಯಾವ ಸಂಸ್ಥೆಗೂ ಇರುವುದಿಲ್ಲ. ಮೌಖಿಕ ಪರೀಕ್ಷೆ ಮುಗಿದ ವಾರವೇ ಪರೀಕ್ಷಾಂಗ ವಿಭಾಗಕ್ಕೆ ಹೋಗಿ ಪಿಎಚ್‌.ಡಿ. ಅಧಿಸೂಚನೆ (ಪದವಿಗೆ ಅರ್ಹರೆಂದು ವಿಶ್ವವಿದ್ಯಾನಿಲಯ ಹೊರಡಿಸುವ ಪ್ರಕಟಣೆ) ಮತ್ತು ತಾತ್ಕಾಲಿಕ ಪ್ರಮಾಣಪತ್ರಗಳಿಗೆ ಅರ್ಜಿ ಕೊಡಿ.