ಒಂದೇ ಹೊರಗಿನ ಡಿಸ್ಕ್, ಮೂರು ಓಎಸ್ (ಆಪರೇಟಿಂಗ್ ಸಿಸ್ಟಂ): ನನ್ನ ಅನುಭವ

"ಯುಎಸ್‌ಬಿ ಡಿಸ್ಕಲ್ಲಿ ಮೂರು ಓಎಸ್ಸಾ? ಒಂದು ವಾರ ಓಡಿದ್ರೆ ಹೇಳು" ಅಂತ ನಕ್ಕವರು ನಮ್ಮ ಕಂಪ್ಯೂಟರ್ ಸರ್ವಿಸ್ ಲೈನಿನವರೇ. ಈಗ ಒಂದೂವರೆ ವರ್ಷ ಆಗಿರಬೇಕು, ಅದೇ ಡಿಸ್ಕ್ ದಿನಾ ಕೆಲಸ ಮಾಡ್ತಿದೆ. ನಕ್ಕವರಲ್ಲಿ ಇಬ್ಬರು ತಮಗೂ ಒಂದು ಮಾಡಿಕೊಡು ಅಂತ ಬಂದು ಹೋದರು.

ಅದರಲ್ಲಿ ಇರೋದು ವಿಂಡೋಸ್ 10, ಮತ್ತೆ ಲಿನಕ್ಸ್‌ನ ಎರಡು ಬಗೆ: ಡೆಬಿಯನ್, ಮಿಂಟ್. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್‌ಗೆ ಮುಗಿಯಿತು, ಗೊತ್ತು. ಆದರೆ ಡಿಟಿಪಿ ಅಂಗಡಿಗಳ ಹಳೇ ಸ್ಕ್ಯಾನರ್‌ಗೆ ಡ್ರೈವರ್ ಸಿಗೋದು ಅದರಲ್ಲೇ. ಡೇಟಾ ರಿಕವರಿಗೆ ಡೆಬಿಯನ್. ಗಿರಾಕಿಗೆ ಲಿನಕ್ಸ್ ತೋರಿಸೋಕೆ ಮಿಂಟ್.

ಮೊದಲು ದುಡ್ಡು ಹೋದದ್ದು 1 ಟಿಬಿ ಹಾರ್ಡ್ ಡಿಸ್ಕಿಗೆ, ಸುಮಾರು 3,800. ಲಿನಕ್ಸ್ ಹೇಗೋ ತೆವಳಿತು. ವಿಂಡೋಸ್ ಡೆಸ್ಕ್‌ಟಾಪ್ ಬರೋಕೆ ಆರೇಳು ನಿಮಿಷ, ಆಮೇಲೂ ಡಿಸ್ಕ್ 100%ನಲ್ಲೇ ನಿಂತಿರುತ್ತಿತ್ತು. ತಿರುಗುವ ಡಿಸ್ಕಿಗೆ ಸಣ್ಣ ಸಣ್ಣ ಫೈಲ್ ಹುಡುಕೋದೇ ಕಷ್ಟ, ಯುಎಸ್‌ಬಿ 3.0 ಇದ್ದರೂ ಅಷ್ಟೇ. ಅದನ್ನು ಬ್ಯಾಕಪ್‌ಗೆ ಇಟ್ಟುಕೊಂಡು 480 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್) ತಂದೆ, ಮೂರು ಸಾವಿರದ ಹತ್ತಿರ.

ಎಸ್‌ಎಸ್‌ಡಿಯನ್ನು ಯುಎಸ್‌ಬಿಗೆ ಜೋಡಿಸೋ 400 ರೂಪಾಯಿಯ ಕೇಸ್ ಇನ್ನೊಂದು ತಲೆನೋವು. ದೊಡ್ಡ ಫೈಲ್ ಕಾಪಿಗೆ ಹಾಕಿದರೆ ನಡುವೆ ನಿಂತುಬಿಡುತ್ತಿತ್ತು. ಡಿಮೆಸೇಜ್ (ಲಿನಕ್ಸ್ ಕರ್ನಲ್‌ನ ಲಾಗ್) ತುಂಬಾ ಯುಎಎಸ್ ರೀಸೆಟ್. ಯುಎಎಸ್ ಅಂದರೆ ಯುಎಸ್‌ಬಿ ಡಿಸ್ಕಿನ ವೇಗದ ಮೋಡ್. ಬೂಟ್ ಆಗುವಾಗ ಕರ್ನಲ್‌ಗೆ ಕೊಡೋ ಲೈನಿನಲ್ಲಿ ಯುಎಸ್‌ಬಿ-ಸ್ಟೋರೇಜ್ ಕ್ವರ್ಕ್ಸ್ ಹಾಕಿ ಯುಎಎಸ್ ಆಫ್ ಮಾಡಿದ ಮೇಲೆ ಆ ಕಾಟ ತಪ್ಪಿತು, ಆದರೆ ವೇಗ ಬಿತ್ತು. ಕೊನೆಗೆ 900 ಕೊಟ್ಟು ಬೇರೆ ಕೇಸ್ ಹಾಕಿದೆ. ಒಟ್ಟು ಎಂಟು ಸಾವಿರ ಮುಟ್ಟಿತು. ಮೊದಲೇ ಸರಿಯಾದದ್ದು ತಂದಿದ್ದರೆ ನಾಲ್ಕು ಸಾವಿರದಲ್ಲಿ ಮುಗಿಯುತ್ತಿತ್ತು.

ಎಲ್ಲರೂ ಎಡವೋದು ಬೂಟ್‌ಲೋಡರ್‌ನಲ್ಲಿ, ಅಂದರೆ ಓಎಸ್ ಎಬ್ಬಿಸೋ ಪ್ರೋಗ್ರಾಂನಲ್ಲಿ. ಹೊರಗಿನ ಡಿಸ್ಕ್ ಆರಿಸಿದರೂ ಕೆಲವು ಇನ್‌ಸ್ಟಾಲರ್‌ಗಳು ಗ್ರಬ್ (ಲಿನಕ್ಸ್‌ನ ಬೂಟ್‌ಲೋಡರ್) ಅನ್ನು ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೆ (ಬೂಟ್ ಫೈಲ್ ಇರೋ ಜಾಗ) ಹಾಕಿಬಿಡುತ್ತವೆ. ಆ ಮಷಿನ್‌ನಲ್ಲಿ ಎಲ್ಲ ಚೆನ್ನಾಗಿ ಏಳುತ್ತದೆ. ಹೊರಗಿನ ಡಿಸ್ಕ್ ಕಿತ್ತರೆ ಆ ಮಷಿನ್ ಗ್ರಬ್ ಪ್ರಾಂಪ್ಟ್‌ಗೆ ಬಂದು ಕೂರುತ್ತದೆ, ಹೊರಗಿನ ಡಿಸ್ಕ್ ಬೇರೆ ಮಷಿನ್‌ನಲ್ಲಿ ಏಳೋದೇ ಇಲ್ಲ. ನನ್ನ ಮದ್ದು ಸಿಂಪಲ್: ಒಳಗಿನ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು ಇನ್‌ಸ್ಟಾಲ್ ಮಾಡಿದೆ. ನಾಲ್ಕು ಸ್ಕ್ರೂ ಅಷ್ಟೇ.

ಮೊದಲು ವಿಂಡೋಸ್. ಅದರ ಸೆಟಪ್ ಯುಎಸ್‌ಬಿಗೆ ಒಪ್ಪೋದಿಲ್ಲ, ಹಾಗಾಗಿ ರೂಫಸ್ ಅನ್ನೋ ಬೂಟ್ ಡಿಸ್ಕ್ ಮಾಡೋ ಸಾಫ್ಟ್‌ವೇರಿನ ವಿಂಡೋಸ್ ಟು ಗೋ (ಯುಎಸ್‌ಬಿಯಿಂದಲೇ ಓಡೋ ವಿಂಡೋಸ್). ಮೈಕ್ರೋಸಾಫ್ಟ್ ಇದನ್ನು 2020ರಲ್ಲೇ ಕೈಬಿಟ್ಟಿದೆ, ರೂಫಸ್‌ನಲ್ಲಿ ಇನ್ನೂ ನಡೀತದೆ. ಒಳಗಿನ ಡಿಸ್ಕ್ ಮುಟ್ಟದ ಹಾಗೆ ಇರೋ ಆಯ್ಕೆಗೆ ಟಿಕ್ ಹಾಕಿ, ಗಿರಾಕಿ ಡೇಟಾಗೆ ಒಳ್ಳೆಯದು. ರೂಫಸ್ ಇಡೀ ಡಿಸ್ಕ್ ಅಳಿಸುತ್ತದೆ, ಅದಕ್ಕೇ ಮೊದಲು ವಿಂಡೋಸ್ ಅಂದದ್ದು. ಆಮೇಲೆ ಅದನ್ನು 150 ಜಿಬಿಗೆ ಕುಗ್ಗಿಸಿದೆ. ಡೆಬಿಯನ್‌ಗೆ 60, ಮಿಂಟ್‌ಗೆ 40ರಷ್ಟು, ಉಳಿದದ್ದು ಎಕ್ಸ್‌ಫ್ಯಾಟ್, ಮೂರೂ ಓಎಸ್ ಓದೋ ಫಾರ್ಮ್ಯಾಟ್. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಆಫ್ ಆಗದೆ ಅರ್ಧ ಮಲಗೋದು) ಆಫ್ ಮಾಡೋದು ನಿಮಗೆ ಹೇಳಬೇಕಿಲ್ಲ ಅಲ್ವಾ.

ಗ್ರಬ್ ಒಂದೇ, ಡೆಬಿಯನ್‌ನದು. ಗ್ರಬ್-ಇನ್‌ಸ್ಟಾಲ್‌ಗೆ ರಿಮೂವಬಲ್ ಆಯ್ಕೆ ಕೊಟ್ಟರೆ ಅದು ಇಎಫ್‌ಐ/ಬೂಟ್ ಫೋಲ್ಡರಿನ ಬೂಟ್‌ಎಕ್ಸ್64 ಫೈಲ್ ಆಗಿ ಕೂರುತ್ತದೆ. ಹೊರಗಿನ ಡಿಸ್ಕಿನಲ್ಲಿ 64-ಬಿಟ್ ಯುಇಎಫ್‌ಐ (ಬಯೋಸ್ ಬದಲಿಗೆ ಬಂದ ಹೊಸ ಫರ್ಮ್‌ವೇರ್) ಇರೋ ಪಿಸಿ ಹುಡುಕೋದು ಅದನ್ನೇ. ಮಿಂಟ್ ಅನ್ನು ಬೂಟ್‌ಲೋಡರ್ ಇಲ್ಲದೆ ಹಾಕಿದೆ, ಅದರ ಇನ್‌ಸ್ಟಾಲರ್ ಯುಬಿಕ್ವಿಟಿಗೆ -ಬಿ ಕೊಟ್ಟರೆ ಆಯಿತು. ಬೇರೆ ಓಎಸ್ ಹುಡುಕಿ ಮೆನುವಿಗೆ ಸೇರಿಸೋ ಓಎಸ್-ಪ್ರೋಬರ್ ಮಾತ್ರ ಬೇಡವೇ ಬೇಡ. ಅದು ಇದ್ದು ಗಿರಾಕಿ ಮಷಿನ್‌ನಲ್ಲಿ ಗ್ರಬ್ ಅಪ್‌ಡೇಟ್ ಮಾಡಿದರೆ ಅವರ ವಿಂಡೋಸೂ ನಿಮ್ಮ ಮೆನುವಿಗೆ ಬಂದು ಸೇರುತ್ತದೆ. ಮೆನುವಿನ ಮೂರು ಎಂಟ್ರಿಯನ್ನೂ ಯುಯುಐಡಿ (ಪಾರ್ಟಿಷನ್‌ನ ಗುರುತು ಸಂಖ್ಯೆ) ಹಾಕಿ ಕೈಯಲ್ಲೇ ಬರೆದೆ.

ಬೂಟ್‌ಎಕ್ಸ್64 ಜಾಗಕ್ಕೆ ವಿಂಡೋಸ್ ಮತ್ತೆ ತನ್ನ ಫೈಲ್ ತಂದಿಡೋದುಂಟು. ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಅದು ಇಲ್ಲಿ ಬೇಡ, ಹೊಟ್ಟೆಪಾಡು ನೋಡಿ.

ನಡುವೆ ವಿಂಡೋಸ್ 7 ಹುಚ್ಚೂ ಹತ್ತಿತ್ತು. ಹಳೇ ನುಡಿ ಫಾಂಟ್‌ನ ಪೇಜ್‌ಮೇಕರ್ (ಹಳೇ ಡಿಟಿಪಿ ಸಾಫ್ಟ್‌ವೇರ್) ಫೈಲ್ ಹಿಡಿದು ಬರೋರು ಇನ್ನೂ ಇದ್ದಾರೆ. ಯುಎಸ್‌ಬಿಯಿಂದ ಎಬ್ಬಿಸೋಕೆ ಹೋದರೆ 0x7ಬಿ ನೀಲಿ ಸ್ಕ್ರೀನು, ಅಂದರೆ ಬೂಟ್ ಡಿಸ್ಕ್ ಸಿಗುತ್ತಿಲ್ಲ ಅನ್ನೋ ಎರರ್. ರಿಜಿಸ್ಟ್ರಿ ಕೆದಕಿ ಎರಡು ರಾತ್ರಿ ಹಾಳು. ಕೊನೆಗೆ ಡೆಬಿಯನ್ ಒಳಗೆ ವರ್ಚುವಲ್‌ಬಾಕ್ಸ್‌ನಲ್ಲಿ (ಒಂದು ಓಎಸ್ ಒಳಗೆ ಇನ್ನೊಂದು ಓಡಿಸೋ ಸಾಫ್ಟ್‌ವೇರ್) ಹಾಕಿದೆ, ಸುಮ್ನೆ ಓಡ್ತಿದೆ.

ಹಳೇ ಬಯೋಸ್ ಮಷಿನ್‌ಗಳಿಗೆ 1 ಎಂಬಿಯ ಬಯೋಸ್-ಗ್ರಬ್ ಪಾರ್ಟಿಷನ್ ಮಾಡಿ, ಅದೇ ಡಿಸ್ಕಿಗೆ ಐ386-ಪಿಸಿ (ಬಯೋಸ್‌ಗೆ ಹೊಂದೋ) ಗ್ರಬ್ ಕೂಡ ಹಾಕಿದ್ದೇನೆ. ಹಳೇ ಕೋರ್ 2 ಡ್ಯುಯೋ ಪ್ರೊಸೆಸರ್ ಮಷಿನ್‌ನಲ್ಲೂ ಎರಡು ಲಿನಕ್ಸ್ ಏಳುತ್ತವೆ, ವಿಂಡೋಸ್ ಅಲ್ಲಿ ಏಳೋಲ್ಲ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೇ ಚುಚ್ಚಿ. ಹೊಸ ಲ್ಯಾಪ್‌ಟಾಪ್ ಆದರೆ ಸೆಕ್ಯೂರ್ ಬೂಟ್ (ಸಹಿ ಇರೋ ಬೂಟ್‌ಲೋಡರ್ ಮಾತ್ರ ಬಿಡೋ ಸೆಟ್ಟಿಂಗ್) ಮುಟ್ಟುವ ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಕೀ ಎಲ್ಲಿದೆ ಅಂತ ಗಿರಾಕಿಯನ್ನು ಕೇಳಿ, ಆಮೇಲೆ ವಿಂಡೋಸ್ ಅದನ್ನು ಕೇಳಬಹುದು. ಗೊತ್ತಿಲ್ಲ ಅಂದರೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಕಳಿಸಿ.