ಮಲೆನಾಡಿನ ಮಳೆಯಲ್ಲಿ ಏಳಿಂಚಿನ ರೆಕಾರ್ಡುಗಳು: ತೊಂಬತ್ತರ ದಶಕದ ಸಿಂಗಲ್‌ಗಳನ್ನು ಕೂಡಿಡುವ ಮತ್ತು ಹಂಚಿಕೊಳ್ಳುವ ಬಗೆ

ಹಾಸನದಲ್ಲಿ ಕುಳಿತು ಇಂಗ್ಲೆಂಡ್ ಮತ್ತು ಅಮೆರಿಕದ ಆಲ್ಟರ್ನೇಟಿವ್ ರಾಕ್ ತಂಡಗಳ ಏಳಿಂಚಿನ ರೆಕಾರ್ಡುಗಳನ್ನು, ಅಂದರೆ ಬದಿಗೆ ಒಂದೆರಡು ಹಾಡುಗಳಷ್ಟೇ ಇರುವ ‘ಸಿಂಗಲ್’ಗಳನ್ನು, ಸಂಗ್ರಹಿಸಲು ಹೊರಟವರು, ಅವು ನಮ್ಮ ಗುಜರಿ ಅಂಗಡಿಗಳಲ್ಲಿ ಸಿಗುವ ವಸ್ತುಗಳಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಗುಜರಿಯಲ್ಲಿ ಅದೃಷ್ಟವಿದ್ದರೆ ಎಚ್‌ಎಂವಿಯ ಹಳೆಯ ಕನ್ನಡ ಚಿತ್ರಗೀತೆಗಳ ಪ್ಲೇಟುಗಳು ಸಿಕ್ಕಾವು. ತೊಂಬತ್ತರ ದಶಕದ ಹೊತ್ತಿಗೆ ನಮ್ಮಲ್ಲಿ ಎಲ್ಲವೂ ಕ್ಯಾಸೆಟ್ಟಿಗೆ ಸರಿದುಹೋಗಿತ್ತು. ಎಂಟಿವಿ 1991ರಲ್ಲಿ ಸ್ಟಾರ್ ಟಿವಿಯ ಮೂಲಕ ಬಂದ ಮೇಲೆ ಕೇಬಲ್ ಇದ್ದ ಮನೆಗಳಿಗೆ ಆ ಹಾಡುಗಳು ತಲುಪಿದವೇ ಹೊರತು, ಅವುಗಳ ರೆಕಾರ್ಡುಗಳು ನಮ್ಮ ಕಡೆ ಬರಲಿಲ್ಲ. ಆದ್ದರಿಂದ ಇಲ್ಲಿಯ ಸಂಗ್ರಹವೆಂದರೆ ಬಹುಪಾಲು ಅಂಚೆಯಲ್ಲಿ ತರಿಸಿಕೊಂಡದ್ದು, ಇಲ್ಲವೇ ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಬಂದದ್ದು.

ಏನನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳವಾಗಿದೆ: ಬೇರೆಲ್ಲೂ ಸುಲಭವಾಗಿ ಸಿಗದ ಹಾಡು ಯಾವ ರೆಕಾರ್ಡಿನಲ್ಲಿದೆಯೋ ಅದನ್ನು ಕೊಳ್ಳಬೇಕು. ಸಿಂಗಲ್‌ನ ಜೀವ ಇರುವುದು ಅದರ ಹಿಂಬದಿಯಲ್ಲಿ. ಮುಂಬದಿಯ ಹಾಡು ಹೇಗೂ ಆಲ್ಬಂನಲ್ಲಿ ಇರುತ್ತದೆ. ಹಿಂಬದಿಯಲ್ಲಿ ಆಲ್ಬಂಗೆ ಸೇರದ ಹಾಡು, ಮನೆಯಲ್ಲಿ ಮಾಡಿಕೊಂಡ ಕಚ್ಚಾ ಧ್ವನಿಮುದ್ರಣ, ಇಲ್ಲವೇ ಇನ್ನೊಂದು ತಂಡದ ಹಾಡನ್ನು ತಮ್ಮ ರೀತಿಯಲ್ಲಿ ಹಾಡಿದ್ದು ಇರುತ್ತದೆ. ಓಯಸಿಸ್ ತಂಡದ ‘ಅಕ್ವಿಯೆಸ್’ 1995ರಲ್ಲಿ ‘ಸಮ್ ಮೈಟ್ ಸೇ’ ಸಿಂಗಲ್‌ನ ಹಿಂಬದಿಯ ಹಾಡಾಗಿ ಬಂತು. ಆಲ್ಬಂ ರೂಪದಲ್ಲಿ ಅದು ಸಿಗಲು 1998ರ ಹಿಂಬದಿ ಹಾಡುಗಳ ಸಂಕಲನದವರೆಗೆ ಕಾಯಬೇಕಾಯಿತು. ಪರ್ಲ್ ಜ್ಯಾಮ್ ತಂಡವು 1991ರಿಂದ ತನ್ನ ಅಭಿಮಾನಿ ಬಳಗದ ಸದಸ್ಯರಿಗಾಗಿಯೇ ಕ್ರಿಸ್‌ಮಸ್ ಸಿಂಗಲ್‌ಗಳನ್ನು ಹೊರತರುತ್ತಿತ್ತು. ಅಂಥದೊಂದರಲ್ಲಿ 1998ರಲ್ಲಿ ಹಂಚಿದ ‘ಲಾಸ್ಟ್ ಕಿಸ್’ ಮರುವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ಹೆಸರಾಂತ ತಂಡಗಳ ದುಬಾರಿ ರೆಕಾರ್ಡುಗಳ ಬೆನ್ನು ಹತ್ತುವುದಕ್ಕಿಂತ, ಯಾವುದಾದರೂ ಒಂದು ಸಣ್ಣ ಲೇಬಲ್ಲನ್ನು, ಅಂದರೆ ರೆಕಾರ್ಡು ಹೊರತರುವ ಸಂಸ್ಥೆಯನ್ನು, ಹಿಡಿದು ಅದರ ಬಿಡುಗಡೆಗಳ ಕ್ರಮಸಂಖ್ಯೆಯ ಜಾಡಿನಲ್ಲಿ ಸಾಗುವುದು ಜೇಬಿಗೂ ಹಗುರ, ಕಲಿಕೆಯೂ ಹೆಚ್ಚು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸಾರಾ ರೆಕಾರ್ಡ್ಸ್ 1987ರಲ್ಲಿ ಆರಂಭವಾಗಿ, 1995ರಲ್ಲಿ ನೂರನೆಯ ಬಿಡುಗಡೆಯೊಂದಿಗೆ ತಾನಾಗಿಯೇ ಬಾಗಿಲು ಹಾಕಿತು. ಸಿಯಾಟಲ್‌ನ ಸಬ್ ಪಾಪ್ ಸಂಸ್ಥೆ ಚಂದಾದಾರರಿಗೆ ಸಿಂಗಲ್‌ಗಳನ್ನು ಅಂಚೆಯಲ್ಲಿ ಕಳುಹಿಸುವ ತನ್ನ ಯೋಜನೆಯನ್ನು ನಿರ್ವಾಣ ತಂಡದ ‘ಲವ್ ಬಜ್’ ಮೂಲಕ 1988ರ ನವೆಂಬರಿನಲ್ಲಿ ಆರಂಭಿಸಿ, ಮೊದಲ ಸರದಿಯನ್ನು 1993ರಲ್ಲಿ ಮುಗಿಸಿತು. ಆ ಮೊದಲ ರೆಕಾರ್ಡಿನ ಕೈಯಿಂದ ಸಂಖ್ಯೆ ಬರೆದ ಪ್ರತಿಗಳು ಕೇವಲ 1,000. ಅದನ್ನು ಕೊಳ್ಳುವ ಹಣದಲ್ಲಿ ಒಂದು ಪೆಟ್ಟಿಗೆ ತುಂಬ ಬೇರೆ ಸಿಂಗಲ್‌ಗಳು ಬರುತ್ತವೆ. ನಾನಂತೂ ಪೆಟ್ಟಿಗೆಯ ಪರ.

ಕೊಳ್ಳುವ ಮೊದಲು ರೆಕಾರ್ಡನ್ನು ಗುರುತಿಸಲು ಕಲಿಯಬೇಕು. ಕವರಿನ ಬೆನ್ನಿನಲ್ಲಿಯೂ ರೆಕಾರ್ಡಿನ ನಡುವಿನ ದುಂಡು ಕಾಗದದ ಲೇಬಲ್ಲಿನ ಮೇಲೂ ಕೆಟಲಾಗ್ ಸಂಖ್ಯೆ ಇರುತ್ತದೆಯಾದರೂ ನಿಜವಾದ ಜಾತಕ ಇರುವುದು ಹಾಡಿನ ಗೆರೆಗಳು ಮುಗಿದು ಲೇಬಲ್ಲು ಆರಂಭವಾಗುವ ನಡುವಿನ ನುಣುಪು ಪಟ್ಟಿಯಲ್ಲಿ. ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಅಲ್ಲಿ ಅಚ್ಚೊತ್ತಿದ ಅಥವಾ ಕೈಯಲ್ಲಿ ಗೀಚಿದ ಅಕ್ಷರಗಳು ಕಾಣುತ್ತವೆ. ಒಂದೇ ಹಾಡಿನ ಮೊದಲ ಮುದ್ರಣವನ್ನೂ ಮರುಮುದ್ರಣವನ್ನೂ ಬೇರ್ಪಡಿಸುವುದು ಹೆಚ್ಚಾಗಿ ಇವೇ. ಕೆಲವು ಕಡೆ ಅಲ್ಲಿ ತಮಾಷೆಯ ಮಾತುಗಳೂ ಇರುತ್ತವೆ: ಮೇಲೆ ಹೇಳಿದ ‘ಲವ್ ಬಜ್’ ರೆಕಾರ್ಡಿನಲ್ಲಿ, ಆ ಗಿಟಾರುಗಳನ್ನು ಕೊಟ್ಟು ಸಲಿಕೆಗಳನ್ನಾದರೂ ಯಾಕೆ ತೆಗೆದುಕೊಳ್ಳಬಾರದು ಎಂಬ ಅರ್ಥದ ಸಾಲೊಂದನ್ನು ಗೀಚಲಾಗಿದೆ. ತೋಟದ ಮನೆಗಳಲ್ಲಿ ಬೆಳೆದ ನಮಗೆ ಈ ಬೈಗುಳ ಚೆನ್ನಾಗಿ ಅರ್ಥವಾಗುತ್ತದೆ. ಮಾರುವವರಿಂದ ಈ ಪಟ್ಟಿಯ ಸ್ಪಷ್ಟ ಚಿತ್ರವನ್ನು ತರಿಸಿಕೊಂಡು, 2000ದಲ್ಲಿ ಆರಂಭವಾದ ಡಿಸ್ಕಾಗ್ಸ್ ಎಂಬ ಅಂತರಜಾಲದ ದತ್ತಸಂಗ್ರಹದಲ್ಲಿರುವ ವಿವರಗಳೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡದೆ ಹಣ ಕಳುಹಿಸಬಾರದು.

ರೆಕಾರ್ಡಿನ ಸ್ಥಿತಿಯನ್ನು ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್ ಎಂದು ಇಳಿಯುವ ಕ್ರಮದಲ್ಲಿ ಹೇಳುವ ಪದ್ಧತಿಯಿದೆ. ಇದರಲ್ಲಿ ಬರಿಯ ‘ಗುಡ್’ ಎಂದರೆ ಒಳ್ಳೆಯದೆಂದು ಅರ್ಥವಲ್ಲ, ಸಾಕಷ್ಟು ಸವೆದಿದೆ ಎಂದರ್ಥ. ಏಳಿಂಚಿನ ರೆಕಾರ್ಡು ಒಂದಕ್ಕೆ ನಲವತ್ತು ಗ್ರಾಂ ಆಸುಪಾಸು ಮಾತ್ರ ತೂಗುವುದರಿಂದ, ಒಬ್ಬರೇ ಮಾರಾಟಗಾರರಿಂದ ನಾಲ್ಕೈದನ್ನು ಒಟ್ಟಿಗೆ ತರಿಸಿದರೆ ಅಂಚೆವೆಚ್ಚ ಹಂಚಿಹೋಗುತ್ತದೆ. ಆಮದು ಸುಂಕವನ್ನು ರೆಕಾರ್ಡಿನ ಬೆಲೆಯ ಮೇಲೆ ಮಾತ್ರವಲ್ಲದೆ ಸಾಗಣೆವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ ಎಂಬುದನ್ನು ಬಜೆಟ್ಟಿನಲ್ಲಿ ಮರೆಯಬಾರದು. ರೆಕಾರ್ಡನ್ನು ಕವರಿನಿಂದ ಹೊರತೆಗೆದು, ಎರಡನ್ನೂ ಬೇರೆ ಬೇರೆ ಇಟ್ಟು, ಗಟ್ಟಿ ರಟ್ಟುಗಳ ನಡುವೆ ಪ್ಯಾಕ್ ಮಾಡಿ ಕಳುಹಿಸುವಂತೆ ಬರೆಯಬೇಕು. ಒಳಗಿದ್ದರೆ ದಾರಿಯಲ್ಲಿ ಅಲುಗಾಡುವ ರೆಕಾರ್ಡಿನ ಅಂಚು ಕವರನ್ನು ಸೀಳುತ್ತದೆ. ಊರಾಚೆಯ ತೋಟದ ಮನೆಯಲ್ಲಿರುವವರು ಪಟ್ಟಣದ ಅಂಗಡಿಯದೋ ಕಚೇರಿಯದೋ ವಿಳಾಸ ಕೊಡುವುದು ಮೇಲು, ಏಕೆಂದರೆ ಗೇಟಿನ ಕಂಬಕ್ಕೆ ಸಿಕ್ಕಿಸಿ ಹೋದ ಪೊಟ್ಟಣವನ್ನು ಜುಲೈ ತಿಂಗಳ ಮಳೆ ಬಿಡುವುದಿಲ್ಲ.

ಮಳೆಯ ಮಾತು ಬಂದ ಮೇಲೆ ಅಲ್ಲಿ ಸ್ವಲ್ಪ ನಿಲ್ಲಲೇಬೇಕು, ಏಕೆಂದರೆ ಬೇರೆ ಊರಿನವರು ಬರೆದ ಸಲಹೆಗಳು ನಮಗೆ ಸಾಲದೆ ಹೋಗುವುದು ಇಲ್ಲಿಯೇ. ಹಾಸನ ಪಟ್ಟಣದಲ್ಲಿ ಹೇಗೋ ನಡೆಯುತ್ತದೆ. ನಲವತ್ತು ಕಿಲೋಮೀಟರು ದಾಟಿ ಸಕಲೇಶಪುರಕ್ಕೆ ಹೋದರೆ, ಅಥವಾ ಮೂಡಿಗೆರೆ, ಕೊಪ್ಪದ ಕಡೆಗೆ ಹೋದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ರೆಕಾರ್ಡಿನ ಪ್ಲಾಸ್ಟಿಕ್ಕಾದ ವಿನೈಲ್ ತಾನಾಗಿ ಕೊಳೆಯುವುದಿಲ್ಲವಾದರೂ ರೆಕಾರ್ಡಿನ ಕಾಗದದ ಒಳಕವರು ತೇವ ಹೀರಿ ಬೂಷ್ಟು ಹಿಡಿದರೆ, ಅದು ಗೆರೆಗಳೊಳಕ್ಕೆ ಇಳಿದು ಹಾಡಿನುದ್ದಕ್ಕೂ ಚಟಪಟ ಸದ್ದಾಗಿ ಕೇಳುತ್ತದೆ. ಆದ್ದರಿಂದ ರೆಕಾರ್ಡು ಮನೆಗೆ ಬಂದ ದಿನವೇ ಹಳೆಯ ಒಳಕವರನ್ನು ತೆಗೆದು ಬೇರೆಯಾಗಿಟ್ಟು, ಪಾಲಿಥೀನ್ ಒಳಪದರವಿರುವ ಹೊಸದನ್ನು ಹಾಕಬೇಕು. ಹೊರಕವರಿಗೆ ಪಾಲಿಪ್ರೊಪಿಲೀನ್ ಚೀಲ ಬೇಕು. ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಬಟ್ಟೆ ತುಂಬಲು ಮಾರುವ ತೆಳುವಾದ, ಹಿಸುಕಿದರೆ ಗರಗರ ಎನ್ನುವ ಪಾರದರ್ಶಕ ಚೀಲಗಳು ಈ ಕೆಲಸಕ್ಕೆ ಒಪ್ಪುತ್ತವೆ. ಮೆತ್ತಗಿದ್ದು ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಚೀಲಗಳು ಬೇಡ, ಅವು ವರ್ಷಗಳು ಕಳೆದಂತೆ ರೆಕಾರ್ಡಿನ ಮೇಲೆ ಮಂಜು ಕವಿದಂಥ ಕಲೆ ಬಿಡುತ್ತವೆ.

ಪೆಟ್ಟಿಗೆಯನ್ನು ಬಡಗಿಯ ಕೈಯಲ್ಲಿ ಮಾಡಿಸುವುದಾದರೆ ಒಳಗಿನ ಅಗಲವೂ ಎತ್ತರವೂ ಹತ್ತೊಂಬತ್ತು ಸೆಂಟಿಮೀಟರಿಗೆ ಕಡಿಮೆಯಿರಬಾರದು. ನಮ್ಮ ಕಡೆ ತೋಟದ ಸಿಲ್ವರ್ ಓಕ್ ಹಲಗೆ ಅಗ್ಗವೆಂದು ಎಲ್ಲರೂ ಅದನ್ನೇ ಹೇಳುತ್ತಾರೆ. ಚೆನ್ನಾಗಿ ಒಣಗಿದ್ದರೆ ಅಡ್ಡಿಯಿಲ್ಲ, ಹಸಿಯಿದ್ದರೆ ಪೆಟ್ಟಿಗೆಯೇ ತೇವದ ಮೂಲವಾಗುತ್ತದೆ. ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಬೇಕೇ ಹೊರತು ಒಂದರ ಮೇಲೊಂದು ಪೇರಿಸಬಾರದು. ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ, ನೆಲದಿಂದ ಒಂದಡಿ ಮೇಲೆ ಇಡಬೇಕು. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಗೆದ್ದಲಿಗೂ ತೇವಕ್ಕೂ ದಾರಿ ಸುಲಭ. ಒಳಗೆ ಹಾಕುವ ಸಿಲಿಕಾ ಜೆಲ್ ಪುಡಕೆಗಳನ್ನು ಒಮ್ಮೆ ಇಟ್ಟು ಮರೆತರೆ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಆಗಾಗ ತೆಗೆದು ಬಿಸಿಮಾಡಿ ಒಣಗಿಸಿ ಮತ್ತೆ ಇಡಬೇಕು.

ಮನೆಯ ಹಿರಿಯರು ಎರಡು ಉಪಾಯಗಳನ್ನು ಹೇಳಿಯೇ ಹೇಳುತ್ತಾರೆ: ಒಲೆಯ ಮೇಲಿನ ಅಟ್ಟದಲ್ಲಿಡು, ಇಲ್ಲವೇ ಮಳೆ ಬಿಟ್ಟ ದಿನ ಬಿಸಿಲಿಗೆ ಹಾಕು. ಬಟ್ಟೆಗೂ ಕಾಳಿಗೂ ಸರಿಯಾದ ಈ ಉಪಾಯಗಳು ರೆಕಾರ್ಡಿಗೆ ಸಲ್ಲುವುದಿಲ್ಲ. ಒಂದು ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಬರುವಾಗ ಬೆಳ್ಳೂರು ಕ್ರಾಸಿನಲ್ಲಿ ಊಟಕ್ಕೆ ಇಳಿದಿದ್ದೆ. ಕಾರಿನ ಹಿಂಬದಿಯ ಗಾಜಿನಡಿ ಇಟ್ಟಿದ್ದ ಎರಡು ರೆಕಾರ್ಡುಗಳು ಮುಕ್ಕಾಲು ಗಂಟೆಯಲ್ಲಿ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಎದ್ದುಕೊಂಡಿದ್ದವು. ಗಾಜುಗಳ ನಡುವೆ ಭಾರ ಹೇರಿಟ್ಟರೂ ಅವು ಮತ್ತೆ ನೆಟ್ಟಗಾಗಲಿಲ್ಲ.

ತೊಳೆಯುವುದಕ್ಕೆ ಬೋರ್‌ವೆಲ್ ನೀರು ಬೇಡ. ಗಡಸು ನೀರು ಆರಿದಾಗ ಸುಣ್ಣದಂಥ ಬಿಳಿ ಪುಡಿಯನ್ನು ಗೆರೆಯಲ್ಲೇ ಬಿಡುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸೀಲ್ ಮಾಡಿ ಮಾರುವ ಡಿಸ್ಟಿಲ್ಡ್ ವಾಟರ್ ಸಾಕು, ಆದರೆ ಕೇಳುವಾಗ ಆ್ಯಸಿಡ್ ಅಲ್ಲ, ನೀರು ಎಂದು ಬಿಡಿಸಿ ಹೇಳಬೇಕು. ಅರ್ಧ ಲೀಟರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ, ಲೇಬಲ್ಲು ನೆನೆಯದಂತೆ ಅಂಗೈಯಿಂದ ಮರೆಮಾಡಿ, ಮೃದುವಾದ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಗಳು ಸಾಗುವ ದಿಕ್ಕಿನಲ್ಲಿಯೇ ಒರೆಸಿ, ಬರಿಯ ನೀರಿನಿಂದ ಮತ್ತೊಮ್ಮೆ ತೊಳೆದು, ನೆರಳಿನಲ್ಲಿ ಆರಿಸಬೇಕು. ಬೂಷ್ಟು ಹಿಡಿದದ್ದಾದರೆ ಈ ಕೆಲಸವನ್ನು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಬೇಕು.

ಇನ್ನು ನುಡಿಸುವ ವಿಚಾರ. ಅಮೆರಿಕದ ಸಿಂಗಲ್‌ಗಳ ನಡುವಿನ ತೂತು ಹೆಚ್ಚಾಗಿ 38 ಮಿಲಿಮೀಟರಿನಷ್ಟು ದೊಡ್ಡದಿರುತ್ತದೆ. ಅದಕ್ಕೆ ಆ ತೂತನ್ನು ತುಂಬುವ ಅಡಾಪ್ಟರ್ ಬೇಕು. ಏಳಿಂಚು ಎಂದರೆ ನಿಮಿಷಕ್ಕೆ 45 ಸುತ್ತಿನ ವೇಗ ಎಂದು ನಂಬುವುದೂ ತಪ್ಪು. ಸಣ್ಣ ಲೇಬಲ್ಲುಗಳು ಹೆಚ್ಚು ಹಾಡು ಹಿಡಿಸಲು ಎಷ್ಟೋ ರೆಕಾರ್ಡುಗಳನ್ನು 33ರ ವೇಗಕ್ಕೆ ಕತ್ತರಿಸಿ, ಅದನ್ನು ಲೇಬಲ್ಲಿನ ಮೇಲೆ ಬರೆಯುವುದನ್ನೇ ಮರೆತಿವೆ. ಒಂದು ರೆಕಾರ್ಡಿನ ಗಾಯಕಿಯ ಕೀರಲು ಕಂಠವನ್ನು ಮೂರು ವಾರ ಮೆಚ್ಚಿಕೊಂಡಿದ್ದ ನಾನು, ಆಮೇಲೆ ವೇಗ ಬದಲಿಸಿ ನೋಡಿದಾಗ ಅದು ಗಾಯಕನ ಕಂಠವೆಂದು ತಿಳಿದು ನಾಚಿಕೊಂಡಿದ್ದೇನೆ. ಅಮೆರಿಕದಿಂದ ನೆಂಟರು ತಂದುಕೊಡುವ ಹಳೆಯ ಟರ್ನ್‌ಟೇಬಲ್‌ಗಳ ಬಗ್ಗೆಯೂ ಎಚ್ಚರ ಬೇಕು: ಅಲ್ಲಿಯ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಎಸಿ ಸಿಂಕ್ರೊನಸ್ ಮೋಟರ್ (ಹರ್ಟ್ಸ್‌ಗೆ ತಕ್ಕಂತೆ ವೇಗ ಬದಲಾಗುವ ಮೋಟರ್) ಇರುವ ಯಂತ್ರಕ್ಕೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ 45ರ ಬದಲು ಮೂವತ್ತೇಳೂವರೆ ಸುತ್ತು ಮಾತ್ರ ತಿರುಗುತ್ತದೆ. ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರುಗಳ ಮುಳ್ಳು ರೆಕಾರ್ಡಿನ ಮೇಲೆ ಹಾಕುವ ಭಾರ ಹೆಚ್ಚು. ಎರಡು ಗ್ರಾಂ ಆಸುಪಾಸಿನಲ್ಲಿ ಓಡುವ ಮ್ಯಾಗ್ನೆಟಿಕ್ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ) ಇರುವ, ಭಾರವನ್ನು ಹೊಂದಿಸಬಹುದಾದ ಯಂತ್ರವನ್ನೇ ಕೊಳ್ಳಬೇಕು.

ಹಂಚಿಕೊಳ್ಳುವ ಮೊದಲ ಹೆಜ್ಜೆ ಒಂದು ಒಳ್ಳೆಯ ಡಿಜಿಟಲ್ ಪ್ರತಿ. ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೋ ಪ್ರೀಆ್ಯಂಪಿನಿಂದ, ಅದನ್ನು ಡಿಜಿಟಲ್‌ಗೆ ಬದಲಿಸುವ ಆಡಿಯೋ ಇಂಟರ್‌ಫೇಸಿನ ಮೂಲಕ ಲ್ಯಾಪ್‌ಟಾಪಿಗೆ ಸಂಪರ್ಕ ಕೊಟ್ಟು, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ, ಅತಿ ಜೋರಿನ ಸದ್ದು ಮೈನಸ್ ಆರು ಡೆಸಿಬಲ್ ದಾಟದಂತೆ ನೋಡಿಕೊಂಡು ಮುದ್ರಿಸಿ, ಗುಣಮಟ್ಟ ಕುಂದಿಸದ ಫ್ಲಾಕ್ ರೂಪದಲ್ಲಿ ಉಳಿಸಬೇಕು. ಗುಂಯ್ ಎನ್ನುವ ಸದ್ದು ಸೇರುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಬೇಕು. ಅರ್ಧಕ್ಕರ್ಧ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ದೊಡ್ಡ ಚಟಪಟ ಸದ್ದುಗಳನ್ನು ಒಂದೊಂದಾಗಿ ಕೈಯಿಂದ ತೆಗೆಯಬಹುದು. ಗದ್ದಲ ತೆಗೆಯುವ ಸ್ವಯಂಚಾಲಿತ ಗುಂಡಿಯನ್ನು ಮಾತ್ರ ಒತ್ತಬಾರದು, ಏಕೆಂದರೆ ಈ ತಂಡಗಳ ಗಿಟಾರಿಗೂ ಗದ್ದಲಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ.

ಆ ಪ್ರತಿಯನ್ನು ಊರಿಗೆಲ್ಲ ಹಂಚುವಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣಗಳ ಹಕ್ಕು, ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ ಇರುತ್ತದೆ. ಅಂದರೆ 1994ರ ಸಿಂಗಲ್ ಒಂದರ ಹಕ್ಕು 2054ರ ಕೊನೆಯವರೆಗೂ ಜೀವಂತ. ತಂಡ ಮುರಿದುಬಿದ್ದಿರಬಹುದು, ಲೇಬಲ್ಲು ಮುಚ್ಚಿರಬಹುದು, ಅದರಿಂದ ಹಕ್ಕು ಅಳಿಯುವುದಿಲ್ಲ. ಸ್ವಂತ ಬಳಕೆಗೆ ಪ್ರತಿ ಇರಲಿ. ಎಲ್ಲರಿಗೂ ಹಂಚಲು ವಿವರಗಳಿವೆ. ಲೇಬಲ್ಲಿನ ಚಿತ್ರ, ಗೀಚಿದ ಅಕ್ಷರಗಳ ನಕಲು, ಕವರಿನೊಳಗಿನ ಚೀಟಿಯಲ್ಲಿರುವ ಹೆಸರುಗಳು, ನಿಜವಾದ ವೇಗ, ಹಾಡಿನ ಅವಧಿ ಇವನ್ನು ದತ್ತಸಂಗ್ರಹಕ್ಕೆ ಸೇರಿಸಿದರೆ ಮುಂದೆ ಕೊಳ್ಳುವವರು ಮೋಸ ಹೋಗುವುದು ತಪ್ಪುತ್ತದೆ. ಇದೇ ವಿವರಗಳನ್ನು ಒಂದು ನೋಟ್‌ಪುಸ್ತಕದಲ್ಲಿಯೂ ಬರೆದಿಡಬೇಕು.

ಹಾಡನ್ನೇ ಹಂಚಿಕೊಳ್ಳಲು ಜನರನ್ನು ರೆಕಾರ್ಡಿನ ಬಳಿಗೆ ಕರೆಯುವುದೇ ಸರಿ. ಮನೆಯಲ್ಲಿ ಐದಾರು ಮಂದಿ ಸೇರಿ ಕೇಳುವುದಕ್ಕೆ ಯಾವ ತಕರಾರೂ ಇಲ್ಲ. ಲಾಭದ ಉದ್ದೇಶವಿಲ್ಲದ ಕ್ಲಬ್ಬಿನ ಚಟುವಟಿಕೆಯಾಗಿ ನುಡಿಸುವುದಕ್ಕೂ ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುತ್ತದೆ. ಮೂಡಿಗೆರೆ ಕಡೆಯ ಭಾವನವರ ಮನೆಯಲ್ಲಿ ಕಾಫಿ ಕೊಯ್ಲು ಮುಗಿದ ಮೇಲೆ ನಾವು ಹೀಗೆ ಸೇರುತ್ತೇವೆ. ಒಬ್ಬೊಬ್ಬರು ಮೂರೇ ರೆಕಾರ್ಡು ತರಬೇಕು, ಮೊದಲು ಹಿಂಬದಿಯನ್ನೇ ನುಡಿಸಬೇಕು, ತಂದವರು ಅದರ ಬಗ್ಗೆ ಎರಡು ಮಾತು ಹೇಳಬೇಕು. ಮೂರು ನಾಲ್ಕು ನಿಮಿಷಕ್ಕೊಮ್ಮೆ ಯಾರಾದರೂ ಎದ್ದು ಮಗುಚಿ ಹಾಕಬೇಕಾಗುವುದರಿಂದ ಮಾತು ತಾನಾಗಿ ಮೊಟಕಾಗುತ್ತದೆ. ಅಲ್ಲಿಯೇ ಅದಲುಬದಲೂ ನಡೆಯುತ್ತದೆ. ಕೊಡುವ ಮೊದಲು ಇಬ್ಬರೂ ದೀಪದ ಕೆಳಗೆ ಎರಡೂ ಬದಿ ನೋಡಿ, ಗೀರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ನಮ್ಮ ರೂಢಿ. ಎರವಲು ಕೊಡುವುದಾದರೆ ಹಿಂತಿರುಗಿಸುವ ತಾರೀಖನ್ನೂ ಬರೆಯುತ್ತೇವೆ, ಮತ್ತು ಆ ತಾರೀಖು ಮೇ ತಿಂಗಳನ್ನು ದಾಟುವಂತಿಲ್ಲ.