ಟ್ರಂಕ್ ಮನೆಗೆ ಬಂದ ಮೇಲೆ: ಸೇವೆಯಲ್ಲಿ ತೀರಿಹೋದ ಯುವ ಸೈನಿಕನ ನೆನಪನ್ನು ಕಾಪಾಡುವ ಬಗೆ

ಸೇನಾ ಘಟಕದಿಂದ ಹುಡುಗನ ಸಾಮಾನಿನ ಟ್ರಂಕ್ ಬಂದ ದಿನ ಮನೆಯವರು ಮೊದಲು ಮಾಡುವ ಕೆಲಸ ಹೆಚ್ಚಾಗಿ ಬಟ್ಟೆ ಒಗೆಯುವುದು. ಕೈಗೆ ಏನಾದರೂ ಕೆಲಸ ಬೇಕಾಗಿರುತ್ತದೆ, ಮಣ್ಣು ಬೆವರಿನ ಬಟ್ಟೆ ಎದುರಿಗೇ ಇರುತ್ತದೆ. ಒಮ್ಮೆ ಸಾಬೂನು ನೀರಿಗೆ ಬಿದ್ದ ಅಂಗಿಯಲ್ಲಿ ಹುಡುಗನ ಮೈವಾಸನೆ ಉಳಿಯುವುದಿಲ್ಲ. ಅದನ್ನು ಮತ್ತೆ ತರಲೂ ಆಗುವುದಿಲ್ಲ. ಮೊದಲ ಕೆಲವು ವಾರ ಏನನ್ನೂ ಒಗೆಯಬೇಡಿ, ಎಸೆಯಬೇಡಿ, ನೆಂಟರಿಗೆ ಹಂಚಬೇಡಿ.

ಇಪ್ಪತ್ತು ಇಪ್ಪತ್ತೆರಡಕ್ಕೇ ಹೋದವನು ಬಿಟ್ಟುಹೋಗುವುದು ಬಹಳ ಕಡಿಮೆ. ಒಂದು ಟ್ರಂಕ್, ಒಂದು ಫೋನು, ಕೆಲವು ಫೋಟೋ, ಜೊತೆಗಿದ್ದವರ ನೆನಪಿನಲ್ಲಿರುವ ಮಾತು. ಮುಂದೆ ಮನೆಯ ಮಕ್ಕಳು "ಅವನು ಹೇಗಿದ್ದ?" ಎಂದು ಕೇಳಿದಾಗ ಉತ್ತರ ಸಿಗಬೇಕಾದದ್ದು ಇಷ್ಟರಲ್ಲೇ. ಇಲ್ಲಿ ಹುಡುಗ ಎಂದು ಬರೆದಿದ್ದೇವೆ. ಹುಡುಗಿಯಾದರೂ ಮಾಡಬೇಕಾದದ್ದು ಇದೇ.

ಫೋನು ಮೊದಲು

ಬಟ್ಟೆ, ಕಾಗದ ಆರು ತಿಂಗಳು ಕಾಯುತ್ತವೆ, ಫೋನು ಕಾಯುವುದಿಲ್ಲ. ಪಿನ್ ಊಹಿಸಿ ಒತ್ತುತ್ತ ಹೋಗಬೇಡಿ. ಹತ್ತು ಸಲ ತಪ್ಪಿದರೆ ಒಳಗಿನದೆಲ್ಲ ಅಳಿಸಿಹೋಗುವಂತೆ ಕೆಲವರು ಐಫೋನಿನಲ್ಲಿ ಮೊದಲೇ ಸೆಟ್ ಮಾಡಿಟ್ಟಿರುತ್ತಾರೆ. ಇರಬಹುದಾದ ಸಂಖ್ಯೆಗಳನ್ನು ಮನೆಯವರೆಲ್ಲ ಕೂತು ಕಾಗದದ ಮೇಲೆ ಬರೆದುಕೊಳ್ಳಿ, ಎರಡು ಮೂರು ಸಲ ಪ್ರಯತ್ನಿಸಿ, ಆಗದಿದ್ದರೆ ನಿಲ್ಲಿಸಿ. "ತೆರೆದು ಕೊಡುತ್ತೇನೆ" ಎನ್ನುವವರ ಕೈಗೆ ಕೊಡುವ ಮುಂಚೆ ಹೇಗೆ ತೆರೆಯುತ್ತೀರಿ ಎಂದು ಕೇಳಿ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಫೋನು ತೆರೆಯುತ್ತದೆ, ಒಳಗೆ ಏನೂ ಇರುವುದಿಲ್ಲ.

ಸಿಮ್‌ಗೆ ರೀಚಾರ್ಜ್ ಮಾಡುವುದನ್ನು ನಿಲ್ಲಿಸಬೇಡಿ. ನಂಬರ್ ರದ್ದಾದರೆ ಒಟಿಪಿ ಬರುವ ದಾರಿ ಮುಚ್ಚುತ್ತದೆ, ಕೆಲಕಾಲದ ಮೇಲೆ ಆ ನಂಬರ್ ಬೇರೆಯವರ ಪಾಲಾಗಬಹುದು. 120 ದಿನ ಬಳಸದ ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ ಅಳಿದುಹೋಗುತ್ತದೆ. ಎರಡು ವರ್ಷ ಯಾರೂ ಬಳಸದ ಗೂಗಲ್ ಖಾತೆಯನ್ನು ಫೋಟೋಗಳ ಸಮೇತ ಅಳಿಸಲು ಅವಕಾಶವಿದೆ. ಫೇಸ್‌ಬುಕ್‌ಗೆ ಸಾವಿನ ಸುದ್ದಿ ತಿಳಿಸಿ ಖಾತೆಯನ್ನು ಸ್ಮರಣಾರ್ಥ ಖಾತೆಯಾಗಿ ಬದಲಿಸಿದರೆ, ಪಾಸ್‌ವರ್ಡ್ ಗೊತ್ತಿದ್ದರೂ ಆಮೇಲೆ ಯಾರೂ ಒಳಗೆ ಹೋಗಲಾಗದು. ಉಳಿಸಬೇಕಾದ ಫೋಟೋ, ವಿಡಿಯೋ ಏನೇನಿವೆ ಎಂದು ನೋಡಿಕೊಂಡೇ ಆ ಕೆಲಸಕ್ಕೆ ಕೈ ಹಾಕಿ.

ಅವನ ಫೋನು ತೆರೆಯಲೇ ಇಲ್ಲ ಎಂದಿಟ್ಟುಕೊಳ್ಳಿ. ಆಗಲೂ ಅವನ ದನಿ ಅಮ್ಮನ ಫೋನಿನಲ್ಲಿದೆ, ತಂಗಿಯ ಫೋನಿನಲ್ಲಿದೆ, ಗೆಳೆಯರ ಗುಂಪಿನಲ್ಲಿದೆ. ಮನೆಮಂದಿಯಲ್ಲಿ ಯಾರಾದರೂ ಹೊಸ ಫೋನು ಕೊಳ್ಳುವ ಮುಂಚೆ, "ಸ್ಟೋರೇಜ್ ತುಂಬಿದೆ" ಎಂದು ಹಳೆಯದನ್ನು ಅಳಿಸುವ ಮುಂಚೆ, ಅವನೊಂದಿಗಿನ ವಾಟ್ಸ್‌ಆ್ಯಪ್ ಚಾಟನ್ನು ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ. ಮೀಡಿಯಾ (ಫೋಟೋ, ವಿಡಿಯೋ, ದನಿ) ಸಮೇತ ತೆಗೆದರೆ ಇತ್ತೀಚಿನ 10,000 ಸಂದೇಶ ಮಾತ್ರ ಬರುತ್ತವೆ, ಮೀಡಿಯಾ ಬಿಟ್ಟರೆ 40,000. ಹಾಗಾಗಿ ಎರಡೂ ಬಗೆಯಲ್ಲಿ ತೆಗೆದಿಡಿ. ಹಳೆಯ ವಾಯ್ಸ್ ಮೆಸೇಜುಗಳನ್ನು ಒಂದೊಂದಾಗಿ ಹುಡುಕಿ ಉಳಿಸಬೇಕಾಗುತ್ತದೆ. ಬೇಸರದ ಕೆಲಸ, ಆದರೆ ಮಾಡಲೇಬೇಕು. ಮದುವೆ, ಪ್ರವಾಸಗಳ ವಿಡಿಯೋಗಳನ್ನು ಬಿಡದೆ ಕೇಳಿ: ಅವನ ಮುಖ ಕಾಣದ ಎಷ್ಟೋ ವಿಡಿಯೋಗಳಲ್ಲಿ ಕ್ಯಾಮೆರಾ ಹಿಡಿದಿದ್ದವನು ಅವನೇ ಆಗಿರುತ್ತಾನೆ, ನಗು ಹಿಂದಿನಿಂದ ಕೇಳುತ್ತದೆ. ಗೆಳೆಯರಿಂದ ಫೋಟೋ ತರಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಮಾಮೂಲಿನಂತೆ ಕಳಿಸಿದರೆ ಚಿತ್ರ ಕುಗ್ಗಿ ಬರುತ್ತದೆ, ಮುಂದೆ ದೊಡ್ಡದು ಮಾಡಿದಾಗ ಮುಖ ಮಸುಕಾಗುತ್ತದೆ.

ಎಲ್ಲದಕ್ಕೂ ಮೂರು ಪ್ರತಿ ಬೇಕು. ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಪೆನ್‌ಡ್ರೈವ್ ಒಂದನ್ನೇ ನಂಬಿದರೆ ಐದಾರು ವರ್ಷದಲ್ಲಿ ಅದು ತೆರೆಯದೇ ಹೋಗಬಹುದು.

ಟ್ರಂಕ್ ತೆರೆಯುವುದು

ಇಬ್ಬರು ಕೂತು ಮಾಡಿ, ಒಬ್ಬರು ತೆಗೆಯಲು, ಒಬ್ಬರು ಬರೆಯಲು. ಮುಚ್ಚಳ ತೆಗೆದ ಕೂಡಲೇ ಒಳಗಿರುವುದು ಹೇಗಿದೆಯೋ ಹಾಗೇ ಒಂದು ಫೋಟೋ. ಆಮೇಲೆ ಒಂದೊಂದನ್ನೂ ಹೊರತೆಗೆದು ಫೋಟೋ ಹೊಡೆದು ನೋಟ್‌ಬುಕ್ಕಿನಲ್ಲಿ ಸಂಖ್ಯೆ ಕೊಟ್ಟು ಬರೆಯಿರಿ. ಎಲ್ಲ ಜೇಬುಗಳನ್ನೂ ನೋಡಿ. ಟಿಕೆಟ್, ಚೀಟಿ, ಮಾತ್ರೆ ಏನು ಸಿಕ್ಕರೂ ಯಾವ ಜೇಬಿನದು ಎಂದು ಗುರುತಿಸಿ. ಬಸ್ ಟಿಕೆಟ್, ಎಟಿಎಂ ಚೀಟಿಗಳನ್ನು ಅಂದೇ ಸ್ಕ್ಯಾನ್ ಮಾಡಬೇಕು. ಅವು ಹೆಚ್ಚಾಗಿ ಥರ್ಮಲ್ ಕಾಗದ, ಅಂದರೆ ಶಾಯಿಯಿಲ್ಲದೆ ಶಾಖದಿಂದ ಅಚ್ಚಾಗುವಂಥದ್ದು, ಕೆಲವು ವರ್ಷಗಳಲ್ಲಿ ಅಕ್ಷರ ಪೂರ್ತಿ ಮಾಸಿಹೋಗುತ್ತದೆ. ತಳದಲ್ಲಿ ಮದ್ದುಗುಂಡಿನಂಥದ್ದು ಏನಾದರೂ ಕಂಡು, ಅದು ಖಾಲಿ ತೋಟೆಯೋ ಅಲ್ಲವೋ ಗೊತ್ತಾಗದಿದ್ದರೆ ಮುಟ್ಟದೆ ಪೊಲೀಸರಿಗೋ ಘಟಕಕ್ಕೋ ತಿಳಿಸಿ.

ರಕ್ತದ ಕಲೆಯ ಬಟ್ಟೆ ಬಂದಿದ್ದರೆ ತಾಯಿತಂದೆಯ ಕಣ್ಣಿಗೆ ಅದು ಅಚಾನಕ್ಕಾಗಿ ಬೀಳಬಾರದು. ಮೊದಲೇ ತಿಳಿಸಿ, ನೋಡಬೇಕೋ ಬೇಡವೋ ಅವರೇ ಹೇಳಲಿ. ವಿಚಾರಣೆ ನಡೆಯುತ್ತಿದ್ದರೆ ಅಧಿಕಾರಿಗಳನ್ನು ಕೇಳದೆ ಅದನ್ನು ಬಿಚ್ಚಬೇಡಿ. ಇಟ್ಟುಕೊಳ್ಳುವುದಾದರೆ ಕೈಗವಸು ಹಾಕಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಬಿಟ್ಟು ಕಾಗದದಲ್ಲಿ ಸುತ್ತಿ. ಇಟ್ಟುಕೊಳ್ಳದಿದ್ದರೂ ತಪ್ಪಿಲ್ಲ.

ವಾಸನೆ ಉಳಿಸಲು ಮೈಗೆ ತಾಗಿಕೊಂಡಿದ್ದ ಎರಡು ಬಟ್ಟೆ ಆರಿಸಿ, ಬನಿಯನ್ನೋ ಮಫ್ಲರೋ. ಎರಡೂ ಪೂರ್ತಿ ಒಣಗಿರಬೇಕು. ತೇವವಿದ್ದರೆ ಬೂಷ್ಟು ಹಿಡಿದು, ಉಳಿಯುವುದು ಬೂಷ್ಟಿನ ವಾಸನೆ. ಬಿಗಿ ಮುಚ್ಚಳದ ಗಾಜಿನ ಜಾಡಿಯಲ್ಲಿ ಬೇರೆ ಬೇರೆಯಾಗಿ ಇಟ್ಟು ಕತ್ತಲ ಕಪಾಟಿಗೆ ಸೇರಿಸಿ. ತೆರೆದಷ್ಟು ಸಲವೂ ಸ್ವಲ್ಪ ಕಳೆದುಹೋಗುತ್ತದೆ. ಅದಕ್ಕೇ ಎರಡು: ಒಂದು ಅಮ್ಮ ಬೇಕೆನಿಸಿದಾಗ ತೆಗೆಯಲು, ಇನ್ನೊಂದು ತೆಗೆಯದೇ ಇಡಲು.

ಸಮವಸ್ತ್ರ, ಪದಕ, ಕಾಗದ

ಸಮವಸ್ತ್ರವನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ ಬೆಳಕು ಬೀಳುವ ಗೋಡೆಗೆ ತೂಗುಹಾಕುವುದು ಎಲ್ಲರೂ ಮಾಡುವ ತಪ್ಪು. ಬೆಳಕು ತಿಂದ ಬಣ್ಣ ಹಿಂದಿರುಗುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಬಟ್ಟೆಯ ಮೇಲೆ ಬೀಳುವ ಬೆಳಕನ್ನು 50 ಲಕ್ಸ್ ಆಸುಪಾಸಿನಲ್ಲಿ, ಅಂದರೆ ಮಂದ ದೀಪದಷ್ಟೇ ಇಡುತ್ತಾರೆ. ಗೋಡೆಗೆ ಫೋಟೋ ಸಾಕು, ಬಟ್ಟೆ ಪೆಟ್ಟಿಗೆಯಲ್ಲಿರಲಿ. ಮಡಿಸುವಾಗ ಪ್ರತಿ ಮಡಿಕೆಯ ಒಳಗೆ ಆಮ್ಲರಹಿತ ಟಿಶ್ಯೂ ಕಾಗದದ ಉರುಳೆ ಇಡಿ. ಸಿಗದಿದ್ದರೆ ಹಲವು ಸಲ ಒಗೆದ ಬಿಳಿ ಹತ್ತಿ ಬಟ್ಟೆ. ವರ್ಷಕ್ಕೊಮ್ಮೆ ಮಡಿಕೆಯ ಜಾಗ ಬದಲಿಸಿ, ಇಲ್ಲದಿದ್ದರೆ ಮಡಿಕೆಯುದ್ದಕ್ಕೂ ನೂಲು ಸೀಳುತ್ತದೆ. ಪಿನ್ನಿನಿಂದ ಹಾಕಿದ ಬ್ಯಾಡ್ಜುಗಳನ್ನು, ಎಲ್ಲಿದ್ದವು ಎಂದು ಫೋಟೋ ಹೊಡೆದ ಮೇಲೆ, ತೆಗೆದಿಡಿ. ತುಕ್ಕಿನ ಕಲೆ ಹೋಗುವುದಿಲ್ಲ.

ಉಣ್ಣೆ ಬಟ್ಟೆಯಲ್ಲಿ ನುಸಿಯ ಅನುಮಾನವಿದ್ದರೆ ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆ ಬೇಡ. ಅದರ ಹೊಗೆ ಮೈಗೂ ಒಳ್ಳೆಯದಲ್ಲ, ಆ ವಾಸನೆಯೂ ಬಟ್ಟೆಯನ್ನು ಬಿಡುವುದಿಲ್ಲ.

ಪದಕಗಳನ್ನು ಬೂದಿ, ಹುಳಿ, ಪಾಲಿಶ್ ಹಾಕಿ ಉಜ್ಜಬೇಡಿ. ಅಂಚಿನಲ್ಲಿ ಅವನ ಹೆಸರು, ಸಂಖ್ಯೆ ಕೆತ್ತಿದ್ದರೆ ಉಜ್ಜಿದಷ್ಟೂ ಅವು ಸವೆಯುತ್ತವೆ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ತಾಮ್ರದ ಲೋಹಕ್ಕೆ ಹಸಿರು ಅಂಟು ಹತ್ತುತ್ತದೆ; ಉಣ್ಣೆ, ರಬ್ಬರಿನ ಪಕ್ಕದಲ್ಲಿಟ್ಟರೆ ಬೆಳ್ಳಿ ಕಪ್ಪಾಗುತ್ತದೆ.

ಪತ್ರಗಳ ಪಿನ್, ಕ್ಲಿಪ್, ರಬ್ಬರ್ ಬ್ಯಾಂಡ್ ತೆಗೆದು ಬಿಡಿಸಿಡಿ. ಲಕೋಟೆಯನ್ನು ಪತ್ರದಿಂದ ಬೇರ್ಪಡಿಸಬೇಡಿ, ಎಷ್ಟೋ ಸಲ ದಿನಾಂಕ ತಿಳಿಯುವುದು ಅಂಚೆ ಮುದ್ರೆಯಿಂದಲೇ. ಲ್ಯಾಮಿನೇಷನ್ ಖಂಡಿತ ಬೇಡ, ಮಾಡಿದ್ದನ್ನು ಬಿಡಿಸಲಾಗದು. ಸೆಲೋಟೇಪು ಹಳದಿಯಾಗಿ ಅಕ್ಷರವನ್ನೇ ಕಿತ್ತುಕೊಂಡು ಬರುತ್ತದೆ. ಪತ್ರಗಳನ್ನು 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ), ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕಡತದ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುಮಾಡಿ. ಆಗ ಅವು ತಾವೇ ಸಾಲಾಗಿ ನಿಲ್ಲುತ್ತವೆ. ಠಾಣ್ಯ, ಉಪಕರಣ, ಕಾರ್ಯಾಚರಣೆ ಕಾಣುವ ಚಿತ್ರಗಳನ್ನು ಘಟಕವನ್ನು ಕೇಳದೆ ಎಲ್ಲೂ ಹಾಕಬೇಡಿ. ಅವನ ಜೊತೆಗಾರರು ಇನ್ನೂ ಅಲ್ಲೇ ಇದ್ದಾರೆ.

ಜೊತೆಗಿದ್ದವರ ಮಾತು

ಎಲ್ಲಕ್ಕಿಂತ ಬೇಗ ಚದುರುವುದು ಇದು. ಜೊತೆಗಾರರಿಗೆ ವರ್ಗವಾಗುತ್ತದೆ, ನಂಬರ್ ಬದಲಾಗುತ್ತದೆ, ಕೆಲವರು ಸೇವೆ ಬಿಟ್ಟು ಹೋಗುತ್ತಾರೆ. ಅಂತ್ಯಕ್ರಿಯೆಗೆ ಬಂದವರ ಹೆಸರು, ಸ್ವಂತ ಫೋನ್ ನಂಬರ್, ಊರಿನ ವಿಳಾಸವನ್ನು ಅಂದೇ ಒಬ್ಬರು ಬರೆದುಕೊಳ್ಳಲಿ. ಮಾತನಾಡಿಸುವುದು ಎರಡು ಮೂರು ತಿಂಗಳ ನಂತರ, ಆದರೆ ವರ್ಷ ದಾಟಿಸಬೇಡಿ.

ರೆಕಾರ್ಡ್ ಮಾಡಲು ಒಳ್ಳೆಯ ಫೋನು ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ, ಮಾತನಾಡುವವರ ಬಾಯಿಂದ ಒಂದು ಮೊಳದೊಳಗೆ ಮೆತ್ತನೆಯ ಬಟ್ಟೆಯ ಮೇಲೆ ಫೋನಿಡಿ. ಬರಿ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿದಂತೆ ಕೇಳುತ್ತದೆ. ರೆಕಾರ್ಡ್ ಆಗುತ್ತಿದೆ ಎಂದು ತಿಳಿಸಿ, ಯಾರಿಗೆಲ್ಲ ಕೇಳಿಸಬಹುದು ಎಂದು ಕೇಳಿ, ಅವರ ಒಪ್ಪಿಗೆಯೂ ಅದರಲ್ಲೇ ದಾಖಲಾಗಲಿ. ಒಂದೂವರೆ ಗಂಟೆಗಿಂತ ಹೆಚ್ಚು ಬೇಡ.

ಕೊನೆಯ ದಿನದಿಂದ ಶುರುಮಾಡಬೇಡಿ. "ಆ ದಿನ ಏನಾಯಿತು?" ಎಂದು ಮೊದಲೇ ಕೇಳಿದರೆ ಬರುವುದು ವರದಿ, ಮಿಕ್ಕ ಮಾತೂ ಆ ವರದಿಯ ಧಾಟಿಯಲ್ಲೇ ಸಾಗುತ್ತದೆ. "ಮೊದಲ ಸಲ ಅವನನ್ನು ಎಲ್ಲಿ ನೋಡಿದಿರಿ?", "ಬೆಳಗ್ಗೆ ಎದ್ದ ಕೂಡಲೇ ಏನು ಮಾಡುತ್ತಿದ್ದ?", "ಯಾವುದಕ್ಕೆ ಬೈಸಿಕೊಳ್ಳುತ್ತಿದ್ದ?", "ಅವನಿಗೆ ಏನೆಂದು ಅಡ್ಡಹೆಸರಿಟ್ಟಿದ್ದಿರಿ?", "ರಜೆಗೆ ಹೊರಡುವ ಹಿಂದಿನ ರಾತ್ರಿ ಹೇಗಿರುತ್ತಿದ್ದ?" ಇಂಥ ಪ್ರಶ್ನೆಗೆ ಮನುಷ್ಯ ಸಿಗುತ್ತಾನೆ. ಸಾವಿನ ವಿಷಯ ಅವರಾಗಿ ಎತ್ತಿದರೆ ಕೇಳಿ, ಎತ್ತದಿದ್ದರೆ ಬಿಡಿ. ಬದುಕಿ ಬಂದೆನಲ್ಲ ಎಂಬ ಭಾರ ಹೊತ್ತವರು ಅವರು. ಅತ್ತರೆ ಯಂತ್ರ ನಿಲ್ಲಿಸಿ, ನೀರು ಕೊಡಿ, ಮುಂದುವರಿಸಿ ಎಂದು ಒತ್ತಾಯಿಸಬೇಡಿ.

ಮನೆಯಲ್ಲಿ ತಾಯಿ, ತಂದೆ, ಒಡಹುಟ್ಟಿದವರನ್ನು ಬೇರೆ ಬೇರೆಯಾಗಿ ಕೂರಿಸಿ. ಒಟ್ಟಿಗೆ ಕೂತರೆ ಒಬ್ಬರ ಮುಖ ನೋಡಿ ಇನ್ನೊಬ್ಬರು ಮಾತು ನುಂಗುತ್ತಾರೆ. ತಂದೆಯವರು ಸಾಮಾನ್ಯವಾಗಿ ಎರಡನೇ ಸಲಕ್ಕೆ ಬಾಯಿಬಿಡುತ್ತಾರೆ, ಮೊದಲ ಸಲ ಬರಿ ದಿನಾಂಕಗಳು. ಮುಗಿದ ಕೂಡಲೇ ಹೆಸರು, ದಿನ, ಸ್ಥಳವನ್ನು ಕಡತಕ್ಕೆ ಬರೆಯಿರಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ ಎಂದು ಲೆಕ್ಕವಿಟ್ಟುಕೊಳ್ಳಿ.

ಕಲ್ಲಿನ ಮೇಲಿನ ಮಾತು

ಯುವ ಸೈನಿಕರೆಲ್ಲ ಕಾಳಗದಲ್ಲೇ ಸಾಯುವುದಿಲ್ಲ. ತರಬೇತಿಯಲ್ಲಿ, ವಾಹನ ಉರುಳಿ, ಹಿಮ ಕುಸಿದು, ಕಾಯಿಲೆಯಿಂದ ಸಾಯುತ್ತಾರೆ. ಕೆಲವರು ತಮ್ಮ ಕೈಯಾರೆ. ಇಂಥ ಮನೆಗಳಲ್ಲಿ ತಮ್ಮ ಹುಡುಗನ ಸಾವು ಒಂದು ಮೆಟ್ಟಿಲು ಕೆಳಗಿನದು ಎಂಬ ನೋವು ಇರುತ್ತದೆ. ಆ ನೋವಿನಲ್ಲಿ ಇಲ್ಲದ ಯುದ್ಧವನ್ನು ಕಲ್ಲಿನ ಮೇಲೆ ಬರೆಸಬೇಡಿ. ಅವನ ಜೊತೆಗಾರರು ಬಂದು ಓದುತ್ತಾರೆ, ನಾಳೆ ಮನೆಯ ಮಕ್ಕಳಿಗೆ ನಿಜ ಬೇರೆ ಕಡೆಯಿಂದ ತಿಳಿಯುತ್ತದೆ. "ಸೇವೆಯಲ್ಲಿದ್ದಾಗ ನಿಧನ" ಎಂಬ ಮಾತು ಎಲ್ಲರಿಗೂ ಸಲ್ಲುತ್ತದೆ, ಅದರಲ್ಲಿ ಕಡಿಮೆಯೇನೂ ಇಲ್ಲ. 1917ರಲ್ಲಿ ಶುರುವಾದ, ಇಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎನಿಸಿಕೊಂಡಿರುವ ಸಂಸ್ಥೆ, ದಂಡನಾಯಕನಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಎಂದು ನಿಯಮ ಮಾಡಿತು: ಸುಮಾರು 81 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ. ಮನೆಯವರ ಸ್ವಂತ ಮಾತಿಗೆ, ನಡುವಿನ ಖಾಲಿ ಜಾಗವೂ ಸೇರಿ, 66 ಅಕ್ಷರಗಳ ಮಿತಿಯಿತ್ತು. ಅಷ್ಟರಲ್ಲಿ ಹೇಳಿದ್ದು ನೂರು ವರ್ಷವಾದರೂ ಓದುವವರನ್ನು ತಡೆದು ನಿಲ್ಲಿಸುತ್ತದೆ. ನೀವೂ ಅಂಥದೊಂದು ಮಿತಿ ಹಾಕಿಕೊಳ್ಳಿ. ಹೆಸರು, ಸೇವಾ ಸಂಖ್ಯೆ, ಹುದ್ದೆ, ಘಟಕ, ಹುಟ್ಟಿದ ಮತ್ತು ತೀರಿದ ದಿನ, ಮನೆಯವರದು ಒಂದು ಸಾಲು. ವಿಶೇಷಣಗಳನ್ನು ಪೇರಿಸಿದ ಕಲ್ಲಿನಲ್ಲಿ ಹುಡುಗ ಕಾಣುವುದಿಲ್ಲ.

ಕೆತ್ತನೆಯಲ್ಲಿ ಕನ್ನಡಕ್ಕೆ ಅದರದೇ ತೊಂದರೆಗಳಿವೆ. ಟೈಪ್ ಮಾಡಿದ ಕಡತವನ್ನು ಕೆತ್ತುವವರ ಕಂಪ್ಯೂಟರಿಗೆ ಹಾಗೇ ಕಳಿಸಿದರೆ ಫಾಂಟ್ ಬದಲಾಗಿ ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ, ಅರ್ಕಾವತ್ತು ಬೇರೆ ಅಕ್ಷರದ ಮುಂದೆ ಹೋಗಿ ನಿಲ್ಲುತ್ತದೆ. ಅಕ್ಷರಗಳನ್ನು ಫಾಂಟ್ ಬೇಡದ ಗೆರೆಚಿತ್ರವಾಗಿ, ಅಂದರೆ ಔಟ್‌ಲೈನ್ ಆಗಿ ಬದಲಿಸಿದ ಪಿಡಿಎಫ್ ಕಳಿಸಿ. ಮೂರು ಮೀಟರ್ ದೂರದಿಂದ ಸಲೀಸಾಗಿ ಓದಲು ಮೂಲ ಅಕ್ಷರ 2.5 ಸೆಂ.ಮೀ. ಎತ್ತರವಿರಲಿ. ಸಾಲುಗಳ ನಡುವೆ ಸುಮಾರು ಅಷ್ಟೇ ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೆತ್ತುವ ಮುಂಚೆ ನಿಜ ಅಳತೆಯಲ್ಲಿ ಕಾಗದದ ಮೇಲೆ ಅಚ್ಚು ಹಾಕಿಸಿ ಗೋಡೆಗಂಟಿಸಿ, ಮೂವರು ಬೇರೆ ಬೇರೆಯಾಗಿ ಗಟ್ಟಿಯಾಗಿ ಓದಲಿ, ಅವರಲ್ಲೊಬ್ಬರು ಮನೆಯ ಹೊರಗಿನವರಾಗಿರಲಿ. ಹೆಸರಿನ ಕಾಗುಣಿತ ಮತ್ತು ಹುಟ್ಟಿದ ದಿನವನ್ನು ಸೇವಾ ದಾಖಲೆಯೊಂದಿಗೆ ಹೋಲಿಸಿ ನೋಡಿ, ಶಾಲೆಯ ದಾಖಲೆಗೂ ಅದಕ್ಕೂ ವ್ಯತ್ಯಾಸವಿರುವುದು ಅಪರೂಪವಲ್ಲ. ಫೋಟೋವನ್ನು ಕೃತಕ ಬುದ್ಧಿಮತ್ತೆಯಿಂದ "ಚಂದ" ಮಾಡಿಸಬೇಡಿ. ಅದು ಮಸುಕಾದ ಕಣ್ಣನ್ನು ತನಗೆ ತೋಚಿದಂತೆ ಬರೆಯುತ್ತದೆ, ಅವನ ಮುಖದಲ್ಲಿ ಬೇರೊಬ್ಬ ಬಂದು ಕೂರುತ್ತಾನೆ.

ವರ್ಷದ ದಿನ

ಕಾರ್ಯಕ್ರಮ ಮಾಡುವುದಾದರೆ ಮುಕ್ಕಾಲು ಗಂಟೆಯೊಳಗೆ ಮುಗಿಸಿ. ಮಾತನಾಡುವವರು ಮೂವರು, ತಲಾ ನಾಲ್ಕು ನಿಮಿಷ, ಅವರಲ್ಲಿ ಇಬ್ಬರಾದರೂ ಅವನನ್ನು ಬಲ್ಲವರು. ತಾಯಿಯನ್ನು ವೇದಿಕೆಗೆ ಕರೆದು ಮೈಕ್ ಕೊಡಬೇಡಿ. ಸಾವಿನ ದಿನಕ್ಕಿಂತ ಹುಟ್ಟಿದ ದಿನ ಒಳ್ಳೆಯದು: ಆ ದಿನ ಮಕ್ಕಳೂ ಬರುತ್ತಾರೆ, ನಗಿಸುವ ಸಂಗತಿಗಳೂ ಹೊರಬರುತ್ತವೆ.

ಅದೇ ದಿನ ಪೆಟ್ಟಿಗೆಯನ್ನೂ ತೆರೆದು ನೋಡಿ. ಬಟ್ಟೆಯ ಮಡಿಕೆ ಬದಲಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹೊಸದು ಹಾಕಿ, ಹಾರ್ಡ್‌ಡಿಸ್ಕಿನ ನಾಲ್ಕಾರು ಕಡತ ತೆರೆದು ಪರೀಕ್ಷಿಸಿ, ಅವನ ಫೋನಿನ ಬ್ಯಾಟರಿ ಉಬ್ಬಿಲ್ಲವೇ ನೋಡಿ ಅರ್ಧದಷ್ಟು ಚಾರ್ಜ್ ಮಾಡಿ ಆರಿಸಿಡಿ. ಮುಚ್ಚಳದ ಒಳಗೆ ಒಂದು ಹಾಳೆ ಇರಲಿ: ಯಾವ ವಸ್ತು ಯಾವುದು, ಪ್ರತಿಗಳು ಯಾರ ಮನೆಯಲ್ಲಿವೆ, ಈ ಪೆಟ್ಟಿಗೆ ನೋಡಿಕೊಳ್ಳುವವರು ಯಾರು, ಅವರ ನಂತರ ಯಾರು. ಆ ಎರಡನೇ ಹೆಸರು ಅವನ ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳಲ್ಲಿ ಒಬ್ಬರದಾಗಿರಲಿ, ಅವರನ್ನು ಕೇಳಿ, ಅವರ ಕೈಯಲ್ಲೇ ಬರೆಸಿ.